ವಿಲ್ಲೋ ಗಿಡಕ್ಕೆ ಮವಾಲೇಹ್‌ನಲ್ಲಿ ಚಳಿಗಾಲ

ಐವತ್ತು ದಾಟಿದ ಗಂಡಸಿಗೆ ಒಂದು ಹವ್ಯಾಸ ಇರಬೇಕು ಎನ್ನುತ್ತಾರೆ. ಹೀಗೆ ಹೇಳುವವರು ಆ ಗಂಡಸಿನ ಹೆಂಡತಿಯನ್ನು ಒಂದು ಮಾತು ಕೇಳಿರಲಿಕ್ಕಿಲ್ಲ. ಸ್ಟಾಂಪು ಕೂಡಿಸುವುದು, ಮೀನು ಸಾಕುವುದು, ಹಾರ್ಮೋನಿಯಂ, ಎಲ್ಲವನ್ನೂ ಶುರು ಮಾಡಿ ಬಿಟ್ಟವನು ನಾನು. ಹಾರ್ಮೋನಿಯಂ ಬಿಟ್ಟ ವಾರ ಕೆಳಗಿನ ಮನೆಯವರು ಸಿಹಿ ಕೊಟ್ಟು ಹೋದರು. ಕೊನೆಗೆ ಅಂಟಿಕೊಂಡದ್ದು ಬುಟ್ಟಿ ಹೆಣೆಯುವ ವಿಲ್ಲೋ ಗಿಡದ ಹುಚ್ಚು.

ವಿಲ್ಲೋ ಎಂದರೆ ಕ್ರಿಕೆಟ್ ಬ್ಯಾಟು ಮಾಡುವ ಮರದ ಜಾತಿ. ಅದರಲ್ಲೇ ಕೆಲವು ತಳಿಗಳ ಸಪೂರ ಕೋಲುಗಳಿಂದ ಬುಟ್ಟಿ ಹೆಣೆಯುತ್ತಾರೆ. ಒಮಾನಿನ ಅಲ್ ಖುವೈರಿನಲ್ಲಿರುವ ನಮ್ಮ ಆಫೀಸಿನ ಇಂಗ್ಲಿಷ್ ಸಾಹೇಬರು ಕೆಲಸ ಬಿಟ್ಟು ಊರಿಗೆ ಹೊರಡುವಾಗ ಮೂರು ಕುಂಡಗಳನ್ನು ನನ್ನ ಕಾರಿನಲ್ಲಿಟ್ಟರು. ಒಂದರ ತೊಗಟೆ ನೇರಳೆ, ಒಂದರದು ಹೊಂಬಣ್ಣ, ಇನ್ನೊಂದರದು ಹಸಿರು. ಎಲೆ ಉದುರಿದ ಮೇಲೆ ಕಡಿಯಬೇಕು, ಆದರೆ ಇದಕ್ಕೆ ಚಳಿ ಬೇಕೇ ಬೇಕು ಎಂದರು. ಮವಾಲೇಹ್‌ನ ನಮ್ಮ ಫ್ಲಾಟಿನಲ್ಲಿ ಚಳಿಗಾಲ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವುದು ಎಂದು ನಾನು ಬಾಯಿ ಬಿಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಗಿಡ ಸಾಯುತ್ತಿತ್ತು, ಖಲಾಸ್. ಆದರೆ ನನ್ನ ಹೆಂಡತಿ ವನಿತಾ ಇಲ್ಲಿರುವ ನಮ್ಮೂರ ಹೆಂಗಸರ ಕೂಟದಲ್ಲಿ, ಫೆಬ್ರವರಿಯ ಸತ್ಯನಾರಾಯಣ ಪೂಜೆಗೆ ಹೂವಿನ ಬುಟ್ಟಿ ನಮ್ಮ ಗಿಡದ್ದೇ ಎಂದು ಹೇಳಿ ಬಂದಳು.

“ನಾಲ್ಕು ಚೆಂಡು ಮಲ್ಲಿಗೆ ಹಿಡಿಯುವ ಬುಟ್ಟಿ ಮಾರಾಯ್ರೇ. ವಿನೋದಕ್ಕನ ಎದುರು ಹೇಳಿದ್ದೇನೆ. ನನ್ನ ಮರ್ಯಾದೆ ತೆಗೀಬೇಡಿ.”

ವಿನೋದಕ್ಕ ಕೂಟದ ಅಧ್ಯಕ್ಷೆ. ಅವರ ಬಾಯಿಗೆ ಬಿದ್ದವರು ಇಲ್ಲಿನ ಸೀಬ್ ಪೇಟೆಯಿಂದ ಮಂಗಳೂರಿನವರೆಗೆ ಸುದ್ದಿಯಾಗುತ್ತಾರೆ.

ಕುಂಡಗಳು ಬೆಡ್‌ರೂಮಿನ ಕಿಟಕಿಗೆ ಬಂದವು. ಎಸಿ ಹದಿನಾರಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಸ್ವೆಟರ್ ಹಾಕಿ ಮಲಗಿದ ದಂಪತಿ ಇಡೀ ಒಮಾನಿನಲ್ಲಿ ನಾವೇ ಇರಬೇಕು. ಆದರೂ ಗಿಡ ಸೊರಗಿತು. ಆಗ ನನ್ನೊಳಗಿನ ಕರಾವಳಿಯವನು ಎದ್ದ. ನಮ್ಮಲ್ಲಿ ಮಲ್ಲಿಗೆಗೂ ಬಸಳೆಗೂ ಮೀನು ತೊಳೆದ ನೀರೇ ಟಾನಿಕ್ಕು. ಒಂದು ಶುಕ್ರವಾರ ಎರಡು ಕಿಲೋ ಬಂಗುಡೆ ತೊಳೆದ ನೀರನ್ನು ಮೂರೂ ಕುಂಡಗಳಿಗೆ ಧಾರಾಳವಾಗಿ ಹೊಯ್ದೆ. ಅದು ಕಿಟಕಿ ಬಾಗಿಲು ಮುಚ್ಚಿದ ಕೋಣೆ ಎಂಬುದು ನನ್ನ ತಲೆಗೆ ಹೊಳೆಯುವ ಮೊದಲು ವನಿತಾಳ ಮೂಗಿಗೆ ಗೊತ್ತಾಯಿತು.

“ಅಯ್ಯೋ ದೇವರೇ, ಇದೆಂತ ಬೆಡ್‌ರೂಮಾ, ಮೀನಿನ ಬಂದರಾ?”

ಕುಂಡಗಳನ್ನು ಬಾಲ್ಕನಿಗೆ ಸಾಗಿಸಿದೆ. ನಮ್ಮದು ಮೊದಲ ಮಹಡಿ. ಬೀದಿಯ ಬೆಕ್ಕುಗಳಿಗೆ ಅದೊಂದು ಮಹಡಿಯೇ ಅಲ್ಲ. ಸಂಜೆಯೊಳಗೆ ಐದು ಬೆಕ್ಕುಗಳು ಸೇರಿ ನೇರಳೆಯನ್ನೂ ಹಸಿರನ್ನೂ ಬೇರುಸಹಿತ ಕಿತ್ತು ಹಾಕಿದವು. ಹೊಂಬಣ್ಣದ್ದು ಮಾತ್ರ ಉಳಿಯಿತು. ಅದರ ಕುಂಡದಲ್ಲಿ ಆರನೆಯ ಬೆಕ್ಕು ಮಲಗಿತ್ತು.

ಫೆಬ್ರವರಿಯಲ್ಲಿ ಕಡಿದಾಗ ಸಿಕ್ಕಿದ್ದು ಒಂದು ಹಿಡಿ ಕೋಲು. ಬಕೆಟಿನಲ್ಲಿ ನೆನೆಸಿ, ವಿಡಿಯೋ ನೋಡಿ, ಬೆರಳಿಗೆಲ್ಲ ಬ್ಯಾಂಡೇಜು ಸುತ್ತಿಕೊಂಡು ಹೆಣೆದೆ. ಬುಟ್ಟಿ ತೆಂಗಿನ ಗೆರಟೆಯಷ್ಟಾಯಿತು. ವನಿತಾ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ಕೆಳಗಿಟ್ಟಳು. ಬೈದಿದ್ದರೆ ವಾಸಿಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸೀಬಿನ ಸೂಕ್, ಅಂದರೆ ಹಳೇ ಮಾರುಕಟ್ಟೆಯಿಂದ, ಖರ್ಜೂರದ ಗರಿಯ ದೊಡ್ಡ ಬುಟ್ಟಿ ತರಲೇ ಎಂದು ಕೇಳಿದೆ. ಬೇಡ ಎಂದಳು.

ಪೂಜೆಯ ದಿನ ಅವಳು ಆ ಬುಟ್ಟಿಯಲ್ಲಿ ಕುಂಕುಮ ತುಂಬಿ ದೇವರ ಮುಂದಿಟ್ಟಳು. ವಿನೋದಕ್ಕ ಕನ್ನಡಕ ಏರಿಸಿದರು. “ಎಂತ ವನಿತಾ, ಹೂವಿನ ಬುಟ್ಟಿ ಹೇಳಿದ್ದಲ್ವಾ?”

“ಹೂವಿನ ಬುಟ್ಟಿ ಎಲ್ಲರ ಮನೆಯಲ್ಲೂ ಉಂಟಲ್ಲ ವಿನೋದಕ್ಕ. ಇದು ಕುಂಕುಮಕ್ಕಂತಲೇ ಮಾಡಿಸಿದ್ದು. ಇವರೇ ಬೆಳೆಸಿ, ಇವರೇ ಹೆಣೆದದ್ದು.” ರೆಪ್ಪೆ ಕೂಡ ಬಡಿಯಲಿಲ್ಲ ಪುಣ್ಯಾತ್ಗಿತ್ತಿ.

ವಿನೋದಕ್ಕ ಬುಟ್ಟಿಯನ್ನು ತಿರುಗಿಸಿ ನೋಡಿ, “ಚಂದ ಉಂಟು ಮಾರಾಯ್ತಿ. ನನಗೂ ಒಂದು ಮಾಡಿಸಿ ಕೊಡು” ಎಂದರು. ಅಲ್ಲಿಗೆ ನಾನು ಕೈಮುಗಿದು ಊಟದ ಪಂಕ್ತಿಗೆ ನಡೆಯಬೇಕಿತ್ತು.

“ಒಂದು ಎಂತಕ್ಕೆ ವಿನೋದಕ್ಕ? ಬರುವ ವರ್ಷ ಕೂಟದ ಹದಿನೆಂಟು ಮನೆಗೂ ಮಾಡಿ ಕೊಡ್ತೇನೆ!” ಎಂದುಬಿಟ್ಟೆ.

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ವನಿತಾ ನಗುನಗುತ್ತಲೇ ಬುಟ್ಟಿಯಿಂದ ಚಿಟಿಕೆ ಕುಂಕುಮ ತೆಗೆದು ನನ್ನ ಹಣೆಗೆ ಒತ್ತಿ ಇಟ್ಟಳು. ಹರಕೆಯ ಕೋಳಿಗೂ ಕೊಯ್ಯುವ ಮೊದಲು ಹೀಗೆಯೇ ಇಡುತ್ತಾರೆ ಎಂಬುದು ನನಗೆ ಹೊಳೆದದ್ದು ಪಾಯಸ ಬಡಿಸುವಾಗ.