ಸೌಟು ಮುಟ್ಟದ ಏಳು ದಿನಕ್ಕೊಂದು ದ್ವೀಪ

ಕೆರಿಬಿಯನ್ ಸಮುದ್ರದಲ್ಲಿ ನಾನು ಕಾಲಿಡದ ದ್ವೀಪ ಒಂದೂ ಇಲ್ಲ. ಇದು ಸುಳ್ಳು. ಕಾಲಿಟ್ಟಿದ್ದು ಒಂದೇ ದ್ವೀಪದಲ್ಲಿ, ಅದೂ ಮರಳು ಕಾದಿತ್ತು ಅಂತ ಕಾಲುಚೀಲ ಹಾಕಿಕೊಂಡು. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ನೀವೇ ಹೇಳಿ. ಆದರೆ ಆ ಒಂದು ದ್ವೀಪ ಆರಿಸುವುದಕ್ಕೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ನಡೆದದ್ದೆಲ್ಲ ನೂರಕ್ಕೆ ನೂರು ನಿಜ. ಎಂಬತ್ತು ಅಂತ ಇಟ್ಟುಕೊಳ್ಳಿ. ನಾನು ಸುಮ್ಮನೆ ಕೂತಿರುವ ಮನುಷ್ಯ. ಇಂಥ ಪ್ರಸಂಗಗಳೇ ವಿಳಾಸ ಕೇಳಿಕೊಂಡು ಬಂದು, ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಹನ್ನೊಂದನೇ ಮಹಡಿಗೆ ಲಿಫ್ಟ್ ಹತ್ತುತ್ತವೆ. ನಾನು ಬಾಗಿಲು ತೆಗೆಯುತ್ತೇನೆ, ಅಷ್ಟೇ ನನ್ನ ತಪ್ಪು.

ಗೋಲದ ಬೆನ್ನು

ನನಗೊಂದು ಚಟ. ಎಲ್ಲಿ ಕನ್ನಡ ಕಿವಿಗೆ ಬಿದ್ದರೂ "ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ" ಅಂದುಬಿಡುತ್ತೇನೆ. ಮಾಲ್‌ನಲ್ಲಿ, ರೈಲಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಕರೆದಿದ್ದೇನೆ. ಕರೆಯುವುದು ನಾನು, ಬೇಯಿಸುವುದು ನನ್ನ ಹೆಂಡತಿ. ರಜೆಗೆ ಹೋದರೂ ಬಿಡುವಿಲ್ಲ. ಕ್ಯಾಮರನ್ ಹೈಲ್ಯಾಂಡ್ಸ್‌ನ ಟೀ ತೋಟದಲ್ಲಿ ಮೈಸೂರಿನವರು ಒಂಬತ್ತು ಜನ ಸಿಕ್ಕರು. ಬಾಡಿಗೆ ಮನೆಯ ಒಂದೇ ಪಾತ್ರೆಯಲ್ಲಿ ಅವಳು ಮೂರು ಸಲ ಬಿಸಿಬೇಳೆ ಭಾತ್ ಮಾಡಿದಳು. ಲಂಕಾವಿಯ ದೋಣಿಯಲ್ಲಿ ಹುಬ್ಬಳ್ಳಿಯ ಗಂಡ ಹೆಂಡತಿ ಸಿಕ್ಕರು. ಲಟ್ಟಣಿಗೆ ಇರಲಿಲ್ಲ; ಜ್ಯೂಸ್ ಬಾಟಲಿಯಲ್ಲೇ ಚಪಾತಿ ಲಟ್ಟಿಸಿದಳು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವುದಿತ್ತು. "ಏನು ಬೇಕು ಕೇಳು" ಅಂದೆ. ಬಳೆ ಅನ್ನುತ್ತಾಳೆ ಅಂದುಕೊಂಡಿದ್ದೆ.

"ಏಳು ದಿನ ನಾನು ಸೌಟು ಮುಟ್ಟಬಾರದು" ಅಂದಳು.

"ಅಷ್ಟೇನಾ?"

"ಅಷ್ಟೇ. ನಿಮ್ಮ ಗುರುತಿನವರು ಯಾರೂ ಸಿಗದ ಜಾಗ ಆಗ್ಬೇಕು."

ನಮ್ಮ ಮಗಳಿಗೆ ಹದಿನಾರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ, ಕೊನೆಗೊಂದು ಮಲೇಷ್ಯಾದ 'ಲಾ' ಸೇರಿಸಿಕೊಂಡು ಬರುತ್ತದೆ. ಅವಳ ಮೇಜಿನ ಗೋಲ ತಂದು ನನ್ನ ಹೆಂಡತಿ ಒಂದು ಬೆರಳನ್ನು ಮಲೇಷ್ಯಾದ ಮೇಲಿಟ್ಟಳು, ಇನ್ನೊಂದನ್ನು ಅದರ ನೇರ ಬೆನ್ನಿಗೆ. ಮಗಳು ಬಗ್ಗಿ ನೋಡಿ, "ಅಮ್ಮಾ, ದಟ್ಸ್ ಆಲ್ಮೋಸ್ಟ್ ದ ಕೆರಿಬಿಯನ್. ಅಲ್ಲಿ ಆಲ್-ಇನ್‌ಕ್ಲೂಸಿವ್ ಇದೆ ಲಾ" ಅಂದಳು. ಮೊದಲೇ ಒಟ್ಟಿಗೆ ದುಡ್ಡು ಕಟ್ಟಿದರೆ ಕೈಗೊಂದು ಪಟ್ಟಿ ಕಟ್ಟುತ್ತಾರಂತೆ. ಆಮೇಲೆ ಊಟ, ತಿಂಡಿ, ಕುಡಿತ, ಕುಣಿತ ಎಲ್ಲ ಅದರಲ್ಲೇ.

"ಅಷ್ಟು ದೂರ ಯಾಕೆ?" ಅಂತ ಗೊಣಗಿದೆ.

"ಇದೇ ಸರಿ" ಅಂದಳು ಹೆಂಡತಿ. "ಇದಕ್ಕಿಂತ ಮುಂದೆ ಹೋದ್ರೆ ಮತ್ತೆ ಮನೆ ಹತ್ತಿರ ಆಗ್ತಾ ಬರುತ್ತೆ."

ಎಲ್ಲ ಅಂದರೆ ಎಷ್ಟು

ನಮ್ಮ ಅಮ್ಮನಿಗೆ ಎಪ್ಪತ್ತೇಳು. ನಮ್ಮ ಜೊತೆಗೇ ಇದ್ದಾಳೆ, ಕುತೂಹಲದಲ್ಲಿ ಮೊಮ್ಮಗಳಿಗಿಂತ ಚಿಕ್ಕವಳು. ರೆಸಾರ್ಟಿನವರ ಜೊತೆ ಫೋನಿನಲ್ಲೇ ಬರೆದು ಮಾತಾಡಬಹುದು ಅಂತ ಗೊತ್ತಾದದ್ದೇ ಮೊಮ್ಮಗಳ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಎಲ್ಲ ಸೇರಿದೆ ಅಂತಾರಲ್ಲ, ಮಜ್ಜಿಗೆ ಸೇರಿದೆಯಾ ಕೇಳು."

ಮಜ್ಜಿಗೆ ಅಂದರೇನು ಅಂತ ವಿವರಿಸಿ ಬರೆದದ್ದಾಯಿತು. ಹದಿನೆಂಟು ಬಗೆಯ ರಮ್ ಇದೆ ಅಂತ ಉತ್ತರ ಬಂತು.

"ರಮ್ ಬೇಡ್ವಂತೆ, ನೀರು ಮಜ್ಜಿಗೆ, ಉಪ್ಪು ಹಾಕಿದ್ದು ಅನ್ನು."

ಮೊಸರಿಗೆ ಐಸ್ ಮತ್ತು ಅನಾನಸ್ ಹಾಕಿ ಕಡೆದು ಕೊಡುತ್ತೇವೆ, ಮೇಲೆ ಸ್ವಲ್ಪ ರಮ್ ಬಿಡುತ್ತೇವೆ ಅಂತ ಬಂತು.

"ಪಾಪ" ಅಂದಳು ಅಮ್ಮ, "ಯಾರನ್ನೂ ಬರಿಗೈಲಿ ಕಳಿಸಬಾರದು ಅನ್ನೋ ಜನ."

ಆಮೇಲೆ ಹಿಂದೆ ಹೋಗಿ ಬಂದವರ ಅಭಿಪ್ರಾಯಗಳನ್ನು ಓದಿಸಲು ಶುರುಮಾಡಿದಳು. ದಿನಕ್ಕೆ ಮೂವತ್ತು. ಒಬ್ಬಾಕೆ ಒಂದೇ ನಕ್ಷತ್ರ ಕೊಟ್ಟು, ಸಮುದ್ರ ತುಂಬ ಸದ್ದು ಮಾಡುತ್ತದೆ, ಬೆಳಗಿನ ತನಕ ಕಣ್ಣು ಮುಚ್ಚಲಾಗಲಿಲ್ಲ ಅಂತ ಬರೆದಿದ್ದಳು. ಸರಿ, ಈ ರೆಸಾರ್ಟ್ ಬೇಡ ಅಂದೆ ನಾನು.

ಅಮ್ಮ ತಡೆದಳು. "ಗೊರಕೆ ಹೊಡೆದಿದ್ದು ಅವಳ ಗಂಡ ಕಣೋ. ಊರವರ ಮುಂದೆ ಹೇಳಕ್ಕಾಗಲ್ಲ, ಸಮುದ್ರದ ಮೇಲೆ ಹಾಕಿದ್ದಾಳೆ."

ಹದಿನೈದನೆಯದು

ನಮ್ಮ ಮೇಲಿನ ಮನೆಯಲ್ಲಿರುವವರು ಮಂಗಳೂರಿನವರು, ಆಫೀಸಿನಲ್ಲಿ ಎಲ್ಲವನ್ನೂ ಕೋಷ್ಟಕ ಮಾಡಿ ನೋಡುವ ಮನುಷ್ಯ. ನಮ್ಮ ಪರದಾಟ ಕೇಳಿ ತಾವೇ ಮುಂದೆ ಬಂದು ಹದಿನಾಲ್ಕು ರೆಸಾರ್ಟುಗಳ ಪಟ್ಟಿ ಮಾಡಿಕೊಟ್ಟರು. ಮರಳಿನ ಬಣ್ಣ, ಸೊಳ್ಳೆಗಳ ಕಾಟ, ತರಕಾರಿ ಊಟ, ವಿಮಾನ ನಿಲ್ದಾಣದಿಂದ ಎಷ್ಟು ದೂರ, ಎಲ್ಲಕ್ಕೂ ಅಂಕ.

ಅಷ್ಟು ಚೊಕ್ಕವಾಗಿದ್ದದ್ದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಕೊನೆಗೆ ಹದಿನೈದನೆಯದೊಂದು ಸೇರಿಸಿ ಎಲ್ಲರಿಗೂ ಕಳಿಸಿದೆ. ನಾನೇ ಹುಟ್ಟಿಸಿದ ರೆಸಾರ್ಟ್. ಸೊಳ್ಳೆ ಇಲ್ಲ. ಬೆಳಗ್ಗೆ ಇಡ್ಲಿ. ಸಮುದ್ರದ ನೀರು ಉಗುರುಬೆಚ್ಚಗೆ. ಅತಿಥಿಗಳು ಅಡುಗೆಮನೆಯ ದಿಕ್ಕಿಗೆ ತಿರುಗಿದರೂ ಕಾವಲುಗಾರ ವಾಪಸ್ ಕಳಿಸುತ್ತಾನೆ.

ಮಾರನೇ ದಿನ ನನ್ನ ಹೆಂಡತಿ ಕೋಷ್ಟಕ ಮುದ್ರಿಸಿಕೊಂಡು ಬಂದಿದ್ದಳು. ಹದಿನೈದನೆಯದಕ್ಕೆ ಅರಿಶಿನ ಬಣ್ಣದ ಪೆನ್ನಿನಲ್ಲಿ ಗೆರೆ. "ಇದೇ ಇರಲಿ" ಅಂದಳು, ಮುಖ ನೋಡಿದರೆ ಈಗಲೇ ಅಲ್ಲಿ ಕಾಲು ಚಾಚಿ ಕೂತಂತಿದೆ. ಅದು ನಾನೇ ಹುಟ್ಟಿಸಿದ್ದು ಅಂತ ಒಪ್ಪಿಕೊಳ್ಳದೆ ಗತಿಯಿರಲಿಲ್ಲ. ಅವಳು ಬೈಯಲಿಲ್ಲ. ಕಾಗದ ಮಡಿಸಿ ಫ್ರಿಜ್ ಮೇಲಿಟ್ಟು ಪಲ್ಯಕ್ಕೆ ಬೀನ್ಸ್ ಹೆಚ್ಚಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮೇಲಿನ ಮನೆಯವರಿಗೂ ಹೇಳಿಬಿಡೋಣ ಅಂತ ಹತ್ತಿಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಆ ಹದಿನೈದನೆಯದ್ದು ಉಂಟಲ್ಲ ಮಾರಾಯ್ರೆ, ಅದಕ್ಕೆ ಆತುರ ಮಾಡ್ಬೇಡಿ" ಅಂದರು. "ನಮ್ಮ ದೊಡ್ಡಪ್ಪನ ಮಗಳು ಹೋಗಿದ್ಳು. ಇಡ್ಲಿ ಸ್ವಲ್ಪ ಗಟ್ಟಿ ಅಂತೆ."

ರಿಹರ್ಸಲ್

ಕೈಗೆ ಪಟ್ಟಿ ಕಟ್ಟಿಸಿಕೊಂಡು ತಟ್ಟೆ ಹಿಡಿದು ತಿರುಗುವುದು ಹೇಗೆ ಅಂತ ಅಮ್ಮನಿಗೆ ಪ್ರಶ್ನೆ. ಹೇಳಿದರೆ ತಿಳಿಯುವುದಿಲ್ಲ, ಒಂದು ಭಾನುವಾರ ಮನೆಯಲ್ಲೇ ರೆಸಾರ್ಟ್ ಮಾಡಿ ತೋರಿಸುತ್ತೇನೆ ಅಂದೆ. ಹೂವಿನ ಬಾಟಿಕ್ ಅಂಗಿ ಹಾಕಿ ನಾನು ಮ್ಯಾನೇಜರ್. ಎಲ್ಲರ ಕೈಗೂ ನೀಲಿ ಕಾಗದದ ಪಟ್ಟಿ. ಬಾಲ್ಕನಿಯೇ ಸಮುದ್ರ ತೀರ. ಊಟಕ್ಕೆ ಚಿಂತೆಯಿಲ್ಲ, ಕೆಳಗಿನ ತಮಿಳು ಅಂಗಡಿಯಿಂದ ಎಲ್ಲ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ತರುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ.

ಶನಿವಾರ ಎಲ್‌ಆರ್‌ಟಿ ರೈಲಿನಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ "ಏನ್ ಶೆಕೆ ಕಣೇ" ಅಂದರು. ಎರಡು ಸಂಸಾರ, ಬೆಂಗಳೂರಿನಿಂದ ಹೊಸದಾಗಿ ಬಂದವರು. ನಾಳೆ ನಮ್ಮನೆಗೆ ಊಟಕ್ಕೆ ಬನ್ನಿ ಅಂತ ಕರೆದೇ ಮನೆ ಸೇರಿದೆ. ಹೊಸಬರಿಗೆ ಮೊದಲ ಊಟ ಪೊಟ್ಟಣದಲ್ಲಿ ಹಾಕುವುದೇ ಅಂದಳು ಅಮ್ಮ. ಹೆಂಡತಿ ನನ್ನನ್ನೊಮ್ಮೆ ನೋಡಿ ಬೇಳೆ ನೆನೆಹಾಕಿದಳು.

ಹನ್ನೆರಡು ಜನಕ್ಕೆ ಒಂಬತ್ತು ಬಗೆ. ಹೋಳಿಗೆಯೂ ಇತ್ತು. ಬಂದವರು ಕೈಪಟ್ಟಿ ತೋರಿಸಿ ತೋರಿಸಿ ಬಡಿಸಿಕೊಂಡರು. ಹೊರಡುವಾಗ ಆ ಹೊಸಬರಲ್ಲೊಬ್ಬ ಹುಡುಗಿ ನನ್ನ ಹೆಂಡತಿಯನ್ನು ಕೇಳಿದಳು, "ಆಂಟಿ, ನಿಮಗೆ ಹೇಗನ್ನಿಸ್ತು ರೆಸಾರ್ಟು?"

"ಜಾಗ ಪರವಾಗಿಲ್ಲ" ಅಂದಳು ಅವಳು, ಕೈ ಒರೆಸಿಕೊಳ್ಳುತ್ತ. "ಅಡುಗೆಯವಳು ಕೆಲಸ ಬಿಡೋ ಥರ ಕಾಣ್ತಾಳೆ."

ಆ ಸಂಜೆಯೇ ಟಿಕೆಟ್ ತೆಗೆದೆ. ಸತ್ಯವಾಗಿ.

ನಿಜ ಬರೆದ ಒಂದೇ ಒಂದು ಸಲ

ಕೊನೆಗೆ ರೆಸಾರ್ಟ್ ಆರಿಸಿದ್ದು ಅಮ್ಮ. ಉಳಿದವರೆಲ್ಲ ಎಲ್ಲ ಇದೆ ಎಂದರು. ಒಂದು ಕಡೆಯವರು ಮಾತ್ರ, ಮಜ್ಜಿಗೆ ನಮಗೆ ಗೊತ್ತಿಲ್ಲ, ಬಂದು ಹೇಳಿಕೊಡಿ, ಮಾಡುತ್ತೇವೆ ಅಂತ ಬರೆದಿದ್ದರು. ಗೊತ್ತಿಲ್ಲ ಅನ್ನುವವರನ್ನು ನಂಬಬಹುದು ಅಂದಳು.

ಅವರು ಒಂದು ಫಾರಂ ಕಳಿಸಿದರು. ಸಾಮಾನ್ಯವಾಗಿ ನಾನು ಫಾರಂನಲ್ಲಿ ನಿಜ ಬರೆಯುವುದಿಲ್ಲ. ಎತ್ತರವನ್ನೇ ಎರಡಿಂಚು ಹೆಚ್ಚಿಸಿರುತ್ತೇನೆ. ಆದರೆ ಹದಿನೈದನೆಯ ರೆಸಾರ್ಟಿನ ಬೀನ್ಸ್ ಮನಸ್ಸಿನಲ್ಲಿತ್ತು. ಈ ಸಲ ಕೀಟಲೆ ಬೇಡ ಅಂತ ಗಂಭೀರವಾಗಿ ತುಂಬಿದೆ. ವಿಶೇಷ ಸಂದರ್ಭ? ಮದುವೆಯ ಇಪ್ಪತ್ತೈದನೇ ವರ್ಷ. ನಿಮ್ಮ ಪತ್ನಿ ಹೆಚ್ಚು ಹೊತ್ತು ಸಂತೋಷದಿಂದ ಮಾಡುವ ಕೆಲಸ? ಪೆನ್ನು ಕಚ್ಚಿಕೊಂಡು ಯೋಚಿಸಿದೆ. ಹಾಡ್ತಾಳಾ? ಓದ್ತಾಳಾ? ಗೊತ್ತಾಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಬರೆದೆ. ಅಡುಗೆ.

ಎರಡು ವಿಮಾನ ಬದಲಾಯಿಸಿ ತಲುಪಿದೆವು. ಮೊದಲ ಮೂರು ದಿನ ಅವಳು ಒಂದು ಕುರ್ಚಿಯಲ್ಲಿ ಕೂತು ಸಮುದ್ರ ನೋಡಿದಳು, ಅಷ್ಟೇ. ಕಾಫಿ ಕೈಗೆ ಬರುತ್ತಿತ್ತು, ಲೋಟ ತಾನಾಗಿ ಮಾಯವಾಗುತ್ತಿತ್ತು. ಒಮ್ಮೆ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಹಾಡ್ತಾಳೆ ಅಂತ ಆಗ ಗೊತ್ತಾಯಿತು.

ನಾಲ್ಕನೇ ದಿನ ಮದುವೆಯ ದಿನ. ಮಧ್ಯಾಹ್ನದ ಊಟದ ಹೊತ್ತಿಗೆ ಡ್ರಮ್ ಬಾರಿಸಿಕೊಂಡು ಏಳೆಂಟು ಜನ ಬಂದರು. ಮುಂದೆ ದಪ್ಪ ಮುಖ್ಯ ಬಾಣಸಿಗ, ಕೈಯಲ್ಲಿ ಬಿಳಿ ಏಪ್ರನ್, ಎದೆಯ ಮೇಲೆ ನನ್ನ ಹೆಂಡತಿಯ ಹೆಸರು ಕಸೂತಿ. "ಮೇಡಂ, ನಿಮ್ಮ ಪತಿಯ ಕೋರಿಕೆ. ಇಂದು ನಮ್ಮ ಅಡುಗೆಮನೆ ನಿಮ್ಮದು." ಊಟದ ಹಾಲಿನಲ್ಲಿದ್ದ ನಲವತ್ತು ಜನವೂ ಎದ್ದು ಚಪ್ಪಾಳೆ ತಟ್ಟಿದರು.

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅಪ್ಪಾ" ಅಂದಳು ಮಗಳು, "ಓಡಿ." ಅದು ಅವಳು ಆ ಪ್ರವಾಸದಲ್ಲಿ ಪೂರ್ತಿ ಕನ್ನಡದಲ್ಲಿ ಆಡಿದ ಒಂದೇ ಮಾತು.

ಓಡುವುದಕ್ಕೆ ಅದು ದ್ವೀಪ. ಹೆಂಡತಿ ಏಪ್ರನ್ ತೆಗೆದುಕೊಂಡಳು, ನನ್ನ ಕತ್ತಿಗೆ ಹಾಕಿದಳು, ಹಿಂದೆ ಬಿಗಿಯಾಗಿ ಗಂಟು ಹಾಕಿದಳು. "ಮಾಡಿ" ಅಂದಳು. ಹೋಗಿ ತೆರೆದ ಅಡುಗೆಮನೆಯ ಎದುರಿನ ಮೇಜಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಳು. ಅಮ್ಮನೂ ಪಕ್ಕದಲ್ಲಿ ಕೂತು, ನೋಡಲು ಕನ್ನಡಕ ಹಾಕಿಕೊಂಡಳು.

ನನಗೆ ನೆನಪಾದದ್ದು ಉಪ್ಪಿಟ್ಟು ಮಾತ್ರ. ರವೆ ಇಲ್ಲ, ಅವರು ಜೋಳದ ಹಳದಿ ರವೆ ಕೊಟ್ಟರು. ನೀರು ಎಷ್ಟು ಅಂತ ದೂರದಿಂದಲೇ ಹೆಂಡತಿಯನ್ನು ಸನ್ನೆಯಲ್ಲಿ ಕೇಳಿದೆ. ಅವಳು ಸಮುದ್ರದ ಕಡೆ ನೋಡಿದಳು. ಕೊನೆಗೆ ಬಾಣಸಿಗ ಪಾತ್ರೆಯೊಳಗೆ ಇಣುಕಿ, "ನಮ್ಮ ಅಜ್ಜಿಯೂ ಇದನ್ನೇ ಮಾಡುತ್ತಿದ್ದಳು" ಅಂದ. ಸೌಟಿನಲ್ಲಿ ಒಮ್ಮೆ ಕಲಕಿ ನೋಡಿ, "ಹಸುವಿಗೆ" ಅಂತ ಸೇರಿಸಿದ.

ನಲವತ್ತು ಜನ ಮರ್ಯಾದೆಗೆ ಒಂದೊಂದು ಚಮಚ ತಿಂದರು. ನನ್ನ ಹೆಂಡತಿ ತಟ್ಟೆ ಖಾಲಿ ಮಾಡಿ, "ಗಂಟಿದೆ" ಅಂದಳು. ಆಮೇಲೆ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸೌಟು ಹಾಕಿ" ಅಂದಳು. ಬೇರೆಯವರು ಮಾಡಿ ಬಡಿಸಿದರೆ ಗಂಟೂ ರುಚಿಯಂತೆ. ಉಳಿದ ಮೂರು ದಿನವೂ ಅವಳು ಆ ಕುರ್ಚಿ ಬಿಟ್ಟು ಏಳಲಿಲ್ಲ.

ಏಪ್ರನ್ ಮಾತ್ರ ಜೊತೆಗೆ ಮನೆಗೆ ಬಂತು. ಈಗ ಪ್ರತಿ ಭಾನುವಾರದ ತಿಂಡಿ ನನ್ನದು. ನಾನೂ ಮಾತು ತಪ್ಪಿಲ್ಲ. ಬೆಳಗ್ಗೆ ಎದ್ದು ಏಪ್ರನ್ ಕಟ್ಟಿ, ಅಡುಗೆಮನೆ ಬಾಗಿಲು ಹಾಕಿ, ಪಾತ್ರೆ ಸದ್ದು ಮಾಡಿ, ಹಿಂದಿನ ಬಾಗಿಲಿನಿಂದ ಇಳಿದು ಬಂದು ಈಗ ನಾವು ಕೂತು ಟೀ ಕುಡಿಯುತ್ತಿರುವ ಈ ತಮಿಳು ಅಣ್ಣನ ಅಂಗಡಿಯಲ್ಲಿ ದೋಸೆ ಕಟ್ಟಿಸಿಕೊಂಡು ಹೋಗುತ್ತೇನೆ. ತವಾದ ಮೇಲೆ ಒಮ್ಮೆ ಬಿಸಿ ಮಾಡಿ ಬಡಿಸುತ್ತೇನೆ. ಎರಡು ತಿಂಗಳಾಯಿತು. ಅಮ್ಮ ಹೊಗಳಿದ್ದೇ ಹೊಗಳಿದ್ದು, ಮಗಳು ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು. ಹೆಂಡತಿ ಮಾತ್ರ ಏನೂ ಅನ್ನದೆ ತಿನ್ನುತ್ತಿದ್ದಳು. ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ಅನ್ನುವುದೇ ನನಗೆ ವಾರವೆಲ್ಲ ಕುತೂಹಲವಾಗಿತ್ತು.

ಇವತ್ತು ಬೆಳಗ್ಗೆ ನಾನು ಬಾಗಿಲು ಹಾಕುತ್ತಿದ್ದಾಗ ಹಾಲಿನಿಂದಲೇ ಕೂಗಿ ಹೇಳಿದಳು: "ರೀ, ನನ್ನ ದೋಸೆಗೆ ಕೆಂಪು ಚಟ್ನಿ ಎರಡು ಪೊಟ್ಟಣ ಹಾಕಿಸಿ. ಆ ಅಣ್ಣ ಹೋದ ವಾರ ಒಂದೇ ಕೊಟ್ಟಿದ್ದ."

ಅಗೋ, ದೋಸೆ ಕಟ್ಟಿ ಇಟ್ಟಿದ್ದಾನೆ, ತಣ್ಣಗಾದರೆ ನನ್ನ ಕೈಗುಣಕ್ಕೆ ಕೆಟ್ಟ ಹೆಸರು. ನಾನು ಹೊರಟೆ. ಈ ಟೀ ನಿಮ್ಮ ಲೆಕ್ಕದಲ್ಲಿರಲಿ. ಮತ್ತೆ ನೀವು ಭಾನುವಾರ ನಮ್ಮನೆಗೆ ತಿಂಡಿಗೆ ಬರಬೇಕು, ನಾನೇ ಮಾಡುತ್ತೇನೆ.