ನನಗೆ ಬೀಗರನ್ನು ಗಂಟುಹಾಕಿ ಹೋದ ಗದಿಗೆವ್ವನವರಿಗೆ

ಡಂಬಳ,
ಯುಗಾದಿಯ ಮರುವಾರ, ೧೯೪೯

ಮಾನ್ಯರೇ,

ಡಂಬಳದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವವನೂ, ಈಗ ಇಲ್ಲವಾಗಿರುವ 'ನಿರಾಶ್ರಿತ ಬಂಧುಗಳ ಸೇವಾ ಸಮಿತಿ'ಯ ಮಾಜಿ ಕಾರ್ಯದರ್ಶಿಯೂ, ನಾಲ್ಕು ಮಂದಿ ಕುಳಿತಿದ್ದನ್ನು ಕಂಡರೆ ಎದ್ದು ನಿಂತು ಮಾತಾಡುವ ಚಟದವನೂ ಆದ ಪುಂಡಲೀಕಪ್ಪನ ಸಾಷ್ಟಾಂಗ ನಮಸ್ಕಾರಗಳನ್ನು ಮೊದಲು ಸ್ವೀಕರಿಸಬೇಕು. ಆಮೇಲೆ ತಮ್ಮ ಮೇಲಿನ ಈ ದೂರನ್ನು ಸ್ವೀಕರಿಸಬೇಕು. ತಮಗೆ ಓದಲು ಬಾರದು. ಆದ್ದರಿಂದ ಇದನ್ನು ತಮ್ಮೂರ ಚಾವಡಿಯಲ್ಲಿ ಯಾರಾದರೂ ಗಟ್ಟಿಯಾಗಿ ಓದಲೇಬೇಕಾಗುತ್ತದೆ, ಊರೆಲ್ಲ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಹೀಗಾಗಿ ಇದು ಬಹಿರಂಗ ಪತ್ರವಾಗಿರುವುದು ನನ್ನ ಧೈರ್ಯದಿಂದಲ್ಲ, ತಮ್ಮ ಅನುಕೂಲಕ್ಕಾಗಿ.

ಹೋದ ವರ್ಷದ ಬೇಸಿಗೆಯಲ್ಲಿ ನಿಜಾಮರ ಸರಹದ್ದಿನ ಆಚೆ ರಜಾಕಾರರ ಹಾವಳಿ ಹೆಚ್ಚಿ, ಹಳ್ಳಿಹಳ್ಳಿಯ ಜನ ಬಂಡಿ ಹೂಡಿಕೊಂಡು ನಮ್ಮ ಕಡೆ ಬರತೊಡಗಿದಾಗ, ಇಂಥ ಪುಣ್ಯದ ಅವಕಾಶ ಮುಂಡರಗಿಯವರಿಗೂ ಗದಗಿನವರಿಗೂ ಮಾತ್ರ ದಕ್ಕಿ ನಮಗೆ ತಪ್ಪಬಾರದೆಂದು ನಾವು ತರಾತುರಿಯಲ್ಲಿ ಸಮಿತಿ ಕಟ್ಟಿದೆವು. ಶ್ರೀ ಯಮನೂರಪ್ಪನವರು ತಮ್ಮ ಹತ್ತಿಯ ಗೋದಾಮನ್ನು ಬಿಟ್ಟುಕೊಟ್ಟು ಅಧ್ಯಕ್ಷರಾದರು. ಬಿಟ್ಟುಕೊಡಲು ಏನೂ ಇಲ್ಲದ ನಾನು ಕಾರ್ಯದರ್ಶಿಯಾದೆ. ತಮ್ಮ ಬಂಡಿ ಬಂದ ದಿನಕ್ಕೆಂದು ನಾನು ಸಿದ್ಧಪಡಿಸಿದ್ದ ಸ್ವಾಗತ ಭಾಷಣವನ್ನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಎಷ್ಟು ಸಲ ಒಪ್ಪಿಸಿದ್ದೆನೆಂದರೆ, ಆ ವಾರ ಧೋತರ ಕೊಳ್ಳಲು ಬಂದವರು ಬಾಗಿಲಿಂದಲೇ ಹಿಂದಿರುಗಿದ್ದರು.

ಆದರೆ ತಾವು ಮಾಡಿದ್ದೇನು? ಮನೆ ಸುಟ್ಟು, ಉಳಿದದ್ದು ಇದೊಂದೇ ಎಂಬಂತೆ ರೊಟ್ಟಿಯ ಹಂಚನ್ನು ತಲೆಯ ಮೇಲೆ ಹೊತ್ತು ಇಳಿದವರು, ನಾನು "ತಾಯಂದಿರೇ, ಇಂದಿನಿಂದ ನನ್ನ ಮನೆಯೇ ನಿಮ್ಮ ಮನೆ" ಎಂದು ಕಣ್ಣು ಮುಚ್ಚಿ ಕೈ ಎತ್ತಿದ ಘಳಿಗೆಯಲ್ಲಿ, ಜನರ ನಡುವಿನಿಂದ ಕೂಗಿದಿರಿ: "ಭಾಷಣ ಆಮ್ಯಾಲ ಮಾಡ್ರೆಪಾ. ಮೊದ್ಲ ಬಾವಿ ಎಲ್ಲೈತಿ ಹೇಳ್ರಿ. ಹುಡುಗ್ರು ಬಾಯಾರಿ ಸಾಯಾಕತ್ತಾವು." ಸಭೆ ನನ್ನನ್ನು ಅಲ್ಲಿಯೇ ಬಿಟ್ಟು ಬಾವಿಯ ಕಡೆ ನಡೆಯಿತು. ಕಣ್ಣು ತೆರೆದಾಗ ನನ್ನ ಎದುರು ಇದ್ದದ್ದು ತಮ್ಮ ಎತ್ತು.

ಗದಗಿನಿಂದ ದೊಡ್ಡ ಮನುಷ್ಯರು ಗೋದಾಮು ನೋಡಲು ಬರುವವರಿದ್ದಾಗ, ಅವರ ಮುಂದೆ ತಾವು ಸ್ವಲ್ಪ ಅತ್ತರೆ ನೆರವು ಹೆಚ್ಚು ಬರುತ್ತದೆಂದು ನಾನು ವಿನಯದಿಂದ ಬಿನ್ನವಿಸಿಕೊಂಡೆ. ತಾವು ಯೋಚಿಸಿ ಹೇಳಿದ ಮಾತು ಇಂದಿಗೂ ನೆನಪಿದೆ: "ಅಳೂದೇನ್ರಿ, ಒಲಿ ಹೊಗಿಗೆ ದಿನಾ ಅಳತೀನಿ. ನಿಮ್ಮ ಸಾಹೇಬ್ರನ್ನ ಅಡಗಿ ಹೊತ್ತಿನ್ಯಾಗ ಕರ್ಕೊಂಡ ಬರ್ರಿ." ಬಂದವರಿಗೆ ತಾವು ಕಣ್ಣೀರಿನ ಬದಲು ಗೋದಾಮಿನ ಸೋರುವ ತಗಡು ತೋರಿಸಿದಿರಿ. ಮರುದಿನವೇ ತಗಡು ಬಂತು. ನಿರಾಶ್ರಿತರು ಹೀಗೆ ತಾವೇ ಕೇಳಿ ಪಡೆಯತೊಡಗಿದರೆ, ಅವರ ಪರವಾಗಿ ಕೇಳಲೆಂದೇ ಹುಟ್ಟಿದ ನನ್ನಂಥವರು ಎಲ್ಲಿಗೆ ಹೋಗಬೇಕು?

ಇದನ್ನೆಲ್ಲ ನಾನು ಸಹಿಸಿದ್ದೆ. ದೂರಿನ ಮುಖ್ಯ ಭಾಗ ಮುಂದಿದೆ.

ಮಳೆಗಾಲದ ಕೊನೆಗೆ ನಮ್ಮ ಸೈನ್ಯ ಹೋಗಿ ನಿಜಾಮರ ಆಳ್ವಿಕೆ ಮುಗಿಯಿತು. ಗೋದಾಮಿನ ಬಹಳ ಜನ ಊರಿಗೆ ಮರಳಿದರು. ಮನೆಗೆ ಮಾಡು ಇಲ್ಲದ ಕೆಲವರು ಉಳಿದರು, ತಾವೂ ಉಳಿದಿರಿ. ಆಗ ಸರಹದ್ದಿನ ಆಚೆ ಸೇಡಿನ ಕಾಲ ಶುರುವಾಗಿತ್ತು. ರಜಾಕಾರ ಯಾರು, ಹತ್ತಿ ಹಿಂಜುವ ಪಿಂಜಾರ ಯಾರು ಎಂದು ನೋಡುವ ವ್ಯವಧಾನ ಸೇಡಿಗೆ ಹೊರಟವರಿಗೆ ಇರಲಿಲ್ಲ. ತಮ್ಮೂರಲ್ಲಿ ತಮ್ಮ ಮಗ್ಗುಲ ಮನೆಯ ಅಲ್ಮಾಸಬಿಯವರ ಮಗ ಹತ್ತಿ ಹಿಂಜುವವನಾಗಿದ್ದ. ಒಂದು ಮಧ್ಯಾಹ್ನ ಅಲ್ಮಾಸಬಿಯವರು ತುಂಬು ಬಸುರಿ ಸೊಸೆ ಮುಮ್ತಾಜಳನ್ನು ನಡೆಸಿಕೊಂಡು ನಮ್ಮ ಗೋದಾಮಿನ ಬಾಗಿಲಿಗೆ ಬಂದು ನಿಂತಾಗ, ಮಗ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮುಮ್ತಾಜಳ ಬಳೆಯಿಲ್ಲದ ಬರಿಗೈ ನೋಡಿದರೆ ಸಾಕಾಗಿತ್ತು.

ಸಮಿತಿಯ ತುರ್ತು ಸಭೆ ಸೇರಿತು. ಇಂಥವರನ್ನು ಸೇರಿಸಿಕೊಳ್ಳುವುದು ನಮ್ಮ ಉದ್ದೇಶದಲ್ಲಿ ಬರುವುದಿಲ್ಲ ಎಂಬುದನ್ನು ಯಾರ ಮನಸ್ಸೂ ನೋಯದಂತೆ, ಯಾರಿಗೂ ಅರ್ಥವಾಗದಂತೆ ಠರಾವಾಗಿ ಬರೆದವನು ನಾನೇ. ಅದರಲ್ಲಿ 'ಮಾನವೀಯತೆ' ಎಂಬ ಶಬ್ದವನ್ನು ಬಹಳ ಕಡೆ ಬಳಸಿದ್ದೆ. ಅದನ್ನು ಓದಿ ಮುಗಿಸುವ ಮೊದಲೇ ತಾವು ಇಬ್ಬರನ್ನೂ ಹಿಂದಿಟ್ಟುಕೊಂಡು ಒಳಗೆ ಬಂದಿರಿ.

ಯಮನೂರಪ್ಪನವರು ಕೇಳಿದರು, "ಗದಿಗೆವ್ವಾ, ನಿನ್ನ ಮನಿ ಸುಟ್ಟಾವ್ರು ಇಕಿ ಮಂದಿ ಅಲ್ಲೇನು?"

ತಾವು ಹೇಳಿದಿರಿ, "ಸುಟ್ಟಾವ್ರ ಮಾರಿ ನಾ ನೋಡೀನ್ರಿ. ಇಕಿ ಮಾರಿ ದಿನಾ ಮುಂಜಾನೆ ನೋಡೀನಿ. ಎರಡೂ ಬ್ಯಾರೆ ಬ್ಯಾರೆ ಅದಾವು."

"ಅಲ್ಲಬೇ, ಇಕಿ ನಿನಗ ಅಷ್ಟು ಬೇಕಾದಾಕಿ ಏನು?"

"ಯಾರು, ಇಕಿ? ವರ್ಷಗಟ್ಟಲೆ ಇಕಿ ಕೂಡ ಮಾತಾಡಿಲ್ರಿ ನಾನು. ನಡುವಿನ ಗ್ವಾಡಿ ಒಂದ ಗೇಣ ನನ್ನ ಕಡೆ ಸರಿಸ್ಯಾಳ. ಇಕಿನ್ನ ಬೈಯೂ ಹಕ್ಕ ನಂದು. ನಿಮಗ್ಯಾರ ಕೊಟ್ರು?"

ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಅಲ್ಮಾಸಬಿಯವರು ಆವತ್ತು ಆಡಿದ್ದು ಒಂದೇ ಮಾತು, ನಾಲ್ಕು ಬೆರಳು ಜೋಡಿಸಿ ತೋರಿಸಿ: "ಗೇಣಲ್ಲ. ನಾಕ ಬಟ್ಟ."

ತಾವು ಅವರ ಕಡೆ ತಿರುಗಿ ಕಣ್ಣು ಬಿಟ್ಟಿರಿ, ಮತ್ತೆ ಅಧ್ಯಕ್ಷರ ಕಡೆ ತಿರುಗಿದಿರಿ. "ಯಮನೂರ ದರ್ಗಾಕ ಹರಕಿ ಹೊತ್ತು ನಿಮ್ಮವ್ವ ಹಡದ ಮಗ ನೀವು. ಹೆಸರ ಹೇಳತೈತಿ. ಈ ಬಸುರಿ ಹೆಣ್ಣಮಗಳಿಗೆ ಬಾಗಿಲ ಹಾಕ್ತೀರೇನ್ರಿ?"

ಯಮನೂರಪ್ಪನವರು ಮುಖ ಕೆಂಪಾಗಿ, "ಸಭಾ ಮುಗೀತು" ಎಂದರು. ಸಂಜೆಯೊಳಗೆ ಮೂವರೂ ಗೋದಾಮು ಬಿಡಬೇಕೆಂದರು. ನಾನು ಠರಾವಿನ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಭಾಷಣಕಾರನ ಬಾಯಿ ಒಮ್ಮೆಯಾದರೂ ಮುಚ್ಚಿದ್ದನ್ನು ಕಂಡು ಊರಿಗೆ ಸಂತೋಷವಾಗಿರಬಹುದು.

ಅಷ್ಟಕ್ಕೆ ತಾವು ಸಿಟ್ಟಾಗಿ ಬೇರೆ ಯಾವುದಾದರೂ ಊರಿನ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋಗಿದ್ದರೆ ನನ್ನ ಬಾಳು ಸುಖವಾಗಿರುತ್ತಿತ್ತು. ತಾವು ಹಂಚು ಹೊತ್ತುಕೊಂಡು ನೇರ ನಮ್ಮ ಮನೆಯ ಕಟ್ಟೆಗೆ ಬಂದಿರಿ. "ಪುಂಡಲೀಕಪ್ಪಾರ, ನನ್ನ ಮನೀನ ನಿಮ್ಮ ಮನಿ ಅಂದಿದ್ರಿ. ಬಂದೀವಿ ನೋಡ್ರಿ."

"ಅದನ್ನ ನಾ ಭಾಷಣದಾಗ ಹೇಳಿದ್ದು, ಗದಿಗೆವ್ವಾ" ಎಂದೆ.

"ಹೌದ್ರಿ. ನಾನೂ ಭಾಷಣದಾಗನ ಕೇಳೀನಿ."

ಮನೆಯಂಗಳ, ನಿರಾಶ್ರಿತರು, ಸಮಾಜದ ಅಭಿಪ್ರಾಯ ಇವುಗಳ ಸಂಬಂಧವನ್ನು ನಾನು ವಿವರಿಸಲು ಆರಂಭಿಸಿದೆ. ಹಿಂದಿನಿಂದ ನನ್ನ ಧರ್ಮಪತ್ನಿ ಸಾವಂತ್ರೆವ್ವ ಬಾಗಿಲು ಪೂರ್ತಿ ತೆರೆದಳು. "ಒಳಗ ಬರ್ರೆವ್ವಾ. ಇವ್ರ ಮಾತ ಮುಗಿಯೂದ್ರಾಗ ಕೂಸು ಹುಟ್ಟಿ ನಡ್ಯಾಕ ಹತ್ತತೈತಿ." ಹೀಗೆ, ನನ್ನ ಜೀವಮಾನದಲ್ಲಿ ನಾನು ಕೊಟ್ಟ ಒಂದೇ ಒಂದು ವಚನವನ್ನು ನನ್ನ ಬೆನ್ನ ಹಿಂದೆ ನನ್ನ ಹೆಂಡತಿ ನಡೆಸಿಕೊಟ್ಟಳು.

ನಾಲ್ಕು ಮಂದಿ ಹೆಂಗಸರ ನಡುವೆ ಸುಮ್ಮನೆ ಕೂಡುವುದು ಕಷ್ಟವಾಗಿ ನಾನು ರೇಶನ್ ಕೇಳಲು ಮುಂಡರಗಿಯ ಕಚೇರಿಗೆ ಹೋದೆ. ದಾರಿಯುದ್ದಕ್ಕೂ ದೇಶ, ಧರ್ಮ, ಕರುಣೆ ಎಂದು ದೊಡ್ಡ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಕಾರಕೂನರು ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು: "ಇವ್ರು ನಿಮಗೇನಾಗಬೇಕ್ರಿ?" ಸಮಿತಿಯವರು ಎನ್ನಲು ಸಮಿತಿ ಕೈಬಿಟ್ಟಿತ್ತು. ಯಾರೂ ಅಲ್ಲ ಎನ್ನಲು ನಾಲಿಗೆ ಬರಲಿಲ್ಲ, ಕಟ್ಟೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ಕುಳಿತಿದ್ದ ಮುಮ್ತಾಜಳ ಮುಖ ಅಡ್ಡ ಬಂತು. "ಬೀಗರ್ರಿ" ಎಂದುಬಿಟ್ಟೆ.

ಕಾರಕೂನರು ಆಗ ತಲೆ ಎತ್ತಿದರು. ಅಲ್ಮಾಸಬಿಯವರ ಹೆಸರನ್ನು ಇನ್ನೊಮ್ಮೆ ಓದಿಕೊಂಡರು, ನನ್ನ ಹಣೆಯ ವಿಭೂತಿಯನ್ನು ಇನ್ನೊಮ್ಮೆ ನೋಡಿದರು, ನಕ್ಕು ಸಹಿ ಮಾಡಿದರು. ಜೋಳ ಸಿಕ್ಕಿತು. ಆದರೆ ನಾನು ಡಂಬಳ ಮುಟ್ಟುವ ಮೊದಲೇ ಆ ಮಾತು ಮುಟ್ಟಿತ್ತು. ಅಂದಿನಿಂದ ಕೆರೆಯ ದಂಡೆಯಲ್ಲಿ, ಸಂತೆಯಲ್ಲಿ, ಅಂಗಡಿಯಲ್ಲಿ ಜನ ನನ್ನನ್ನು ಕಂಡರೆ, "ಬೀಗರು ಆರಾಮ ಅದಾರೇನ್ರಿ?" ಎಂದು ಕೇಳುತ್ತಾರೆ. ಯಮನೂರಪ್ಪನವರು ಮಗಳ ಮದುವೆಯ ಜವಳಿಯನ್ನು ನನ್ನ ಅಂಗಡಿ ಬಿಟ್ಟು ಲಕ್ಷ್ಮೇಶ್ವರದಲ್ಲಿ ತೆಗೆದರು.

ಮುಮ್ತಾಜಳಿಗೆ ನೋವು ಬಂದದ್ದು ಒಂದು ಮುಂಜಾನೆ. ಹೆರಿಗೆಯ ಕೆಲಸಕ್ಕೆ ತಾವೇ ನಿಂತಿರಿ. ಒಳಗಿನಿಂದ ಅರಿವೆ ತರಲು ಕೂಗಿದಿರಿ. ನಾನು ಅಂಗಡಿಗೆ ಓಡಿ ಮೆತ್ತನೆಯ ಮಲ್ಲು ಬಟ್ಟೆಯ ಸುರುಳಿ ತಂದು, ಅಭ್ಯಾಸಬಲದಿಂದ ಗಜಕಡ್ಡಿ ಹುಡುಕತೊಡಗಿದಾಗ, "ಅಳೀಬ್ಯಾಡ್ರಿ, ಹರೀರಿ!" ಎಂದು ಗದರಿದಿರಿ. ಹರಿದೆ. ಅಂಗಡಿ ಇಟ್ಟಂದಿನಿಂದ ಅಳೆಯದೆ ಬಟ್ಟೆ ಹರಿದದ್ದು ಅದೇ ಮೊದಲು. ಒಳಗೆ ಹೆಣ್ಣುಕೂಸು ಅತ್ತಿತು. ಅದರ ಹಿಂದೆಯೇ ಅಲ್ಮಾಸಬಿಯವರು ಅತ್ತರು, ಬಂದಂದಿನಿಂದ ಮೊದಲ ಸಲ, ಮಗನ ಹೆಸರು ಹಿಡಿದು. ತಾವು ಅವರನ್ನು ಬೈಯಲಿಲ್ಲ.

ಚಳಿ ಕಳೆದು, ಊರು ತಣ್ಣಗಾಗಿದೆ ಬರ್ರಿ ಎಂದು ತಮ್ಮ ಹಿರಿಯರಿಂದ ಖಬರು ಬಂದಾಗ, ತಾವೆಲ್ಲ ಒಂದೇ ಬಂಡಿಯಲ್ಲಿ ಹೊರಟಿರಿ. ಊರ ಅಗಸಿ ದಾಟುವ ಮೊದಲೇ ಕೂಸಿಗೆ ಬಿಸಿಲು ತಾಗುವುದರ ಬಗ್ಗೆ ತಮಗೂ ಅಲ್ಮಾಸಬಿಯವರಿಗೂ ಜಗಳ ಹತ್ತಿತ್ತು. ಸಾವಂತ್ರೆವ್ವ ಆ ದನಿ ಕೇಳಿಸದಾಗುವವರೆಗೆ ಬಾಗಿಲಲ್ಲಿ ನಿಂತಿದ್ದಳು.

ಈಗ ನನ್ನ ಬೇಡಿಕೆಗಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ ಗದ್ದಲ ಕಡಿಮೆ ಇರುತ್ತದೆಂಬುದನ್ನು ತಾವು ಬಂದು ಸಾವಂತ್ರೆವ್ವನಿಗೆ ತಿಳಿಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ. ಯಮನೂರಪ್ಪನವರು ಈಗ ಕರ್ನಾಟಕ ಏಕೀಕರಣದ ಸಭೆಗಳಿಗೆ ಅಧ್ಯಕ್ಷರಾಗಿದ್ದು, ಸರಹದ್ದಿನ ಆಚೆ ಈಚೆಯ ಕನ್ನಡಿಗರೆಲ್ಲ ಒಂದೇ ಮನೆಯವರೆಂದು ಮಾತಾಡಲು ನನ್ನನ್ನೂ ಕರೆದಿದ್ದಾರೆ. ಎದ್ದು ನಿಂತರೆ ಹಾಳಾದ ಬಾಯಿಂದ ಆ ಮಾತು ಹೊರಡುವುದಿಲ್ಲ. ಒಂದೇ ಮನೆಯಲ್ಲಿ ಇರುವುದೆಂದರೆ ಏನೆಂದು ತಾವು ತೋರಿಸಿ ಹೋದದ್ದರಿಂದ ಆಗಿರುವ ಈ ನಷ್ಟವನ್ನು ತುಂಬಿಕೊಡಬೇಕು. ಅದು ಆಗದಿದ್ದರೆ, ಮುಂದೆ ನಿರಾಶ್ರಿತರಾಗುವ ಸಂದರ್ಭ ಬಂದಲ್ಲಿ (ಬಾರದಿರಲಿ) ಸ್ವಲ್ಪ ಹೆಚ್ಚು ಅಸಹಾಯಕರಾಗಿ ಬಂದು ನಮ್ಮಂಥವರ ಮಾನ ಕಾಪಾಡಬೇಕು.

ಇಂತಿ, ತಮ್ಮಿಂದ ಬಾಯಿ ಕಳೆದುಕೊಂಡ, ಆದಾಗ್ಯೂ ತಮ್ಮ ವಿಶ್ವಾಸಿ,
ಪುಂಡಲೀಕಪ್ಪ

ತಾಜಾ ಕಲಮು: ಬರುವ ಸೋಮವಾರ ಸಾವಂತ್ರೆವ್ವನೂ ನಾನೂ ತಮ್ಮೂರಿಗೆ ಬರುತ್ತಿದ್ದೇವೆ. ದಯವಿಟ್ಟು ಸ್ವಾಗತ ಸಮಿತಿ ರಚಿಸಬಾರದು, ಅಂಥ ಸಮಿತಿಗಳ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತಿದೆ. ನಾವು ಯಾರ ಮನೆಯಲ್ಲಿ ಇಳಿಯಬೇಕೆಂಬುದನ್ನು ತಾವೂ ಅಲ್ಮಾಸಬಿಯವರೂ ಜಗಳವಾಡಿ ತೀರ್ಮಾನಿಸಿಕೊಳ್ಳಬೇಕು. ಗೆದ್ದವರಲ್ಲಿ ಉಣ್ಣುತ್ತೇವೆ, ಸೋತವರಲ್ಲಿ ಮಲಗುತ್ತೇವೆ.