ಬೇರೆ ಮನೆಯಲ್ಲೊಂದು ಕಾಪಿ

ಪ್ರಸನ್ನ ತನ್ನ ಮನೆಯ ಸಂಪಿನಲ್ಲಿ ನೀರು ಎಷ್ಟಿದೆಯೆಂದು ಫೋನಿನ ಟಾರ್ಚ್ ಹಾಕಿಕೊಂಡು ಬಗ್ಗಿ ನೋಡದೆ ಇದ್ದಿದ್ದರೆ, ವಿಶ್ವಾರಾಧ್ಯರ ಭಾನುವಾರ ಎಲ್ಲ ಭಾನುವಾರಗಳಂತೆ ಊಟ, ನಿದ್ದೆ, ಕಾಫಿಯಲ್ಲಿ ಮುಗಿದುಹೋಗುತ್ತಿತ್ತು. ಸಂಪಿನಲ್ಲಿ ನೀರು ಬೇಕಾದಷ್ಟಿತ್ತು. ಫೋನು ಕೈಜಾರಿ ಅದರೊಳಕ್ಕೆ ಬಿತ್ತು. ಜೊತೆಗೆ ಪ್ರಸನ್ನನ ಮಗಳ ಮದುವೆಯ ಅಷ್ಟೂ ಫೋಟೊಗಳು ಮುಳುಗಿದವು.

ಕಾಟನ್‌ಪೇಟೆಯಲ್ಲಿ ವಿಶ್ವಾರಾಧ್ಯರ ಸಗಟು ಕಾಗದದ ಅಂಗಡಿಗೆ ಅಂಟಿಕೊಂಡಂತೆ ಪ್ರಸನ್ನನ ದಾರದ ಅಂಗಡಿ. ಆ ವಾರವೆಲ್ಲ ಅವನು ಗಿರಾಕಿಗಳಿಗೆ ದಾರ ತೋರಿಸುವುದನ್ನು ಬಿಟ್ಟು, ಬಂದವರಿಗೆಲ್ಲ ಒಂದೇ ಉಪದೇಶ ಮಾಡಿದ.

"ಸಾರ್, ಫೋಟೊ ಒಂದೇ ಕಡೆ ಇಡಬೇಡಿ. ಒಂದು ಕಾಪಿ ನಿಮ್ಮನೇಲಿ, ಇನ್ನೊಂದು ಬೇರೆ ಯಾರ್ದಾದ್ರೂ ಮನೇಲಿ. ಆಗ ನಿಮ್ಮನೆಗೆ ಬೆಂಕಿ ಬಿದ್ರೂ ಫೋಟೊ ಉಳ್ಕೊಳುತ್ತೆ."

ಬೆಂಕಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕಾಗದದ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ. ವಿಶ್ವಾರಾಧ್ಯರು ಒಂದೇ ಥರದ ಎರಡು ಕಪ್ಪು ಹಾರ್ಡ್ ಡಿಸ್ಕ್ ತಂದರು. ಮಗಳು ತೇಜಶ್ರೀ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಶನಿವಾರ ಪೂರ್ತಿ ಕೂತು, ತಮ್ಮ ಫೋನು, ಹೆಂಡತಿ ಮಹಾನಂದ ಅವರ ಫೋನು, ಹಳೆಯ ಕಂಪ್ಯೂಟರು, ಎಲ್ಲದರಲ್ಲಿದ್ದ ಫೋಟೊಗಳನ್ನು ಎರಡು ಡಿಸ್ಕಿಗೂ ತುಂಬಿದರು.

"ಇಷ್ಟೆಲ್ಲ ಯಾಕಪ್ಪಾ? ಇಂಟರ್‌ನೆಟ್ಟಲ್ಲೇ ಇಟ್ಬಿಡಿ" ಎಂದಳು ತೇಜಶ್ರೀ.

"ನಮ್ಮನೆ ಫೋಟೊನ ಯಾವ್ದೋ ದೇಶದಲ್ಲಿ ಯಾರೋ ಕೂತ್ಕೊಂಡು ನೋಡೋದು ಬೇಡಮ್ಮ" ಎಂದರು ವಿಶ್ವಾರಾಧ್ಯರು. ಆಮೇಲೆ, ಎರಡು ಕಡೆ ಭದ್ರವಾಯಿತಲ್ಲ ಎಂದು, ಜಾಗವಿಲ್ಲವೆಂದು ದಿನವೂ ಗೋಳಾಡುತ್ತಿದ್ದ ಎರಡೂ ಫೋನುಗಳನ್ನೂ ಉಸಿರುಗಟ್ಟಿದ್ದ ಕಂಪ್ಯೂಟರನ್ನೂ ಖಾಲಿ ಮಾಡಿದರು.

ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಒಂದು ಡಿಸ್ಕನ್ನು ಬೀರುವಿನಲ್ಲಿಟ್ಟರು. ಇನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿ, ಅಳತೆಗೆ ಸರಿಹೋಗುವ ಜಿಪ್ ಇರುವ ಚೀಲ ಹುಡುಕಿದರು. ಸಿಕ್ಕಿದ್ದು ಒಡವೆ ಅಂಗಡಿಯವರು ಕೊಟ್ಟಿದ್ದ ಕೆಂಪು ಮಖಮಲ್ಲಿನ ಚೀಲ. ಅದನ್ನು ಕಂಕುಳಲ್ಲಿ ಅವುಚಿಕೊಂಡು, ಚಾಮರಾಜಪೇಟೆಯ ಅದೇ ಬೀದಿಯಲ್ಲಿ ಎರಡು ಮನೆ ಆಚೆಗಿದ್ದ ಗಂಗಾಧರಯ್ಯನವರ ಮನೆಗೆ ಹೋದರು.

ಗಂಗಾಧರಯ್ಯನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ಗಂಟಲಿಗೆ ಇನ್ನೂ ತಲುಪಿರಲಿಲ್ಲ. ಬೀದಿಯಲ್ಲಿ ಗೋಡೆ, ಚರಂಡಿ, ನಾಯಿ, ಯಾವುದರ ಜಗಳವಾದರೂ ಅವರ ಮುಂದೆಯೇ ತೀರ್ಮಾನವಾಗಬೇಕು.

"ಇದನ್ನ ನಿಮ್ಮನೇಲಿ ಇಟ್ಕೋಬೇಕು ಗಂಗಾಧರಯ್ಯನೋರೆ. ಯಾರಿಗೂ ಹೇಳೋದೇನೂ ಬೇಡ."

ಗಂಗಾಧರಯ್ಯನವರು ಚೀಲದ ಮೇಲಿದ್ದ ಒಡವೆ ಅಂಗಡಿಯ ಹೆಸರನ್ನು ಓದಿದರು. ಎದ್ದು ಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿ ಬಂದರು.

"ಯಾವಾಗ ಬರ್ತಾರಂತೆ?"

"ಯಾರು?"

"ಇನ್‌ಕಮ್ ಟ್ಯಾಕ್ಸ್‌ನೋರು."

"ಅಯ್ಯೋ, ಫೋಟೊ ಸ್ವಾಮಿ ಇದು! ನಮ್ಮನೆ ಫೋಟೊ."

"ಎಲ್ಲಾರೂ ಮೊದಲು ಹಾಗೇ ಹೇಳೋದು. ಒಳಗೆ ಏನಿದೆ ಅಂತ ನೋಡ್ದೆ ನಾನು ಯಾವ್ದನ್ನೂ ಕಸ್ಟಡಿಗೆ ತಗೊಳಲ್ಲ."

ಡಿಸ್ಕನ್ನು ಟಿ.ವಿ.ಗೆ ಚುಚ್ಚಿದ್ದಾಯಿತು. ನಂದಿಬೆಟ್ಟ ಬಂತು. ಮಂಜು ಬಂತು. ಮಂಜಿನಲ್ಲಿ ಮಹಾನಂದ ಬಂದರು. ಗಂಗಾಧರಯ್ಯನವರ ಹೆಂಡತಿ ಕಾಫಿ ತಂದುಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತರು. ಅಷ್ಟರಲ್ಲಿ ತೇಜಶ್ರೀಯ ಮಗುವಿನ ನಾಮಕರಣ ಬಂತು. ವಿಶ್ವಾರಾಧ್ಯರ ಕೈ ರಿಮೋಟಿಗೆ ತಡಕಾಡಿತು. ರಿಮೋಟು ಗಂಗಾಧರಯ್ಯನವರ ಮುಷ್ಟಿಯಲ್ಲಿತ್ತು.

"ಮೊಮ್ಮಗಳ ನಾಮಕರಣ ಅಲ್ವೇ ಇದು?" ಎಂದರು ಗಂಗಾಧರಯ್ಯನವರ ಹೆಂಡತಿ. "ಸಿಂಪಲ್ಲಾಗಿ, ಮನೇವ್ರೇ ನಾಲ್ಕು ಜನ ಸೇರ್ಕೊಂಡು ಮಾಡ್ಬಿಟ್ವಿ ಅಂತ ಮಹಾನಂದ ಹೇಳಿದ್ರು."

"ಹೌದೌದು, ಸಿಂಪಲ್ಲಾಗೇ..."

ಫೋಟೊ ಬದಲಾಯಿತು. ಕಣ್ಣು ಹಾಯುವವರೆಗೂ ಬಾಳೆಲೆಗಳ ಸಾಲು.

"ನಾಲ್ಕು ಜನ ಇಷ್ಟೂ ಎಲೇಲಿ ಊಟ ಮಾಡಿದ್ರಾ?" ಎಂದು ಆಕೆ ಕೇಳಿದರು. ಧ್ವನಿಯಲ್ಲಿ ಕೋಪವೇನೂ ಇರಲಿಲ್ಲ, ಲೆಕ್ಕ ತಿಳಿದುಕೊಳ್ಳುವ ಆಸಕ್ತಿ ಮಾತ್ರ ಇತ್ತು.

ಮರುಕ್ಷಣವೇ ಟಿ.ವಿ. ತುಂಬ ಎದುರುಮನೆಯ ಶ್ರೀನಿವಾಸಯ್ಯ ಕಾಣಿಸಿಕೊಂಡರು. ಹೋಳಿಗೆಯನ್ನು ಬಾಯಿಗೆ ಒಯ್ಯುತ್ತ, ಇಡೀ ಜಗತ್ತೇ ತಮ್ಮದೆಂಬಂತೆ ನಗುತ್ತಿದ್ದರು.

"ಓ, ಎದುರುಮನೆಯೋರು ಮನೇವ್ರು" ಎಂದು ಆಕೆ ಖಾಲಿಯಾಗದಿದ್ದ ಕಾಫಿ ಲೋಟವನ್ನು ವಿಶ್ವಾರಾಧ್ಯರ ಕೈಯಿಂದ ತೆಗೆದುಕೊಂಡು ಒಳಗೆ ಹೋದರು.

ಗಂಗಾಧರಯ್ಯನವರು ವೈರು ಕಿತ್ತು, ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಜಿಪ್ ಎಳೆದರು.

"ತಪ್ಪು ತಿಳ್ಕೋಬೇಡಿ ಆರಾಧ್ಯರೇ. ನಮ್ದು ಸಣ್ಣ ಮನೆ. ಅಷ್ಟು ಜನ ಹಿಡಿಸಲ್ಲ."

ನೆರೆಯವರಿಗಿಂತ ನೆಂಟರೇ ಮೇಲೆಂದುಕೊಂಡು ವಿಶ್ವಾರಾಧ್ಯರು ಕುಮಾರ ಪಾರ್ಕಿಗೆ ಆಟೊ ಹತ್ತಿದರು. ಅಲ್ಲಿ ಮಹಾನಂದರ ತಮ್ಮ ಮನೋಹರ್ ಇದ್ದ. ಆಟೊ ಇನ್ನೂ ಅರ್ಧ ದಾರಿಯಲ್ಲಿರುವಾಗ ಮನೆ ಬ್ರೋಕರೊಬ್ಬನ ಫೋನ್ ಬಂತು.

"ಸಾರ್, ಅರ್ಜೆಂಟಾಗಿ ಮನೆ ಕೊಡ್ತಿದೀರಂತೆ. ನನ್ನ ಹತ್ರ ಒಳ್ಳೆ ಪಾರ್ಟಿ ಇದೆ, ಸಂಜೆ ಕರ್ಕೊಂಡು ಬರ್ಲಾ?"

"ಯಾರಯ್ಯ ಹೇಳಿದ್ದು ನಿಂಗೆ?"

"ಬೀದೀಲೆಲ್ಲ ಅದೇ ಮಾತು ಸಾರ್. ರೇಡ್ ಆಗುತ್ತಂತಲ್ಲ."

ಮನೋಹರ್ ಗೇಟಿನಲ್ಲೇ ಕಾಯುತ್ತಿದ್ದ. ಭಾವನ ತೋಳು ಹಿಡಿದು, ಆಸ್ಪತ್ರೆಯಿಂದ ಬಂದವರನ್ನು ಒಳಗೆ ಕರೆದುಕೊಂಡು ಹೋಗುವ ಹಾಗೆ ಕರೆದುಕೊಂಡು ಹೋಗಿ ಸೋಫಾದ ಮೇಲೆ ಕೂರಿಸಿದ.

"ಗಂಗಾಧರಯ್ಯನೋರು ಫೋನ್ ಮಾಡಿದ್ರು ಭಾವ. ಫೋಟೊ ಬರೀ ನೆಪ ಅಂದ್ರು. ಅಕ್ಕಂಗೆ ಗೊತ್ತಾ?"

"ಏನು ಗೊತ್ತಾ?"

"ನೀವು ಒಡವೆ ಹೊರಗೆ ಸಾಗಿಸ್ತಿರೋದು."

"ಫೋಟೊ ಕಣಯ್ಯ ಇದು! ಫೋಟೊ!"

"ಹಾಗಾದ್ರೆ ನೋಡೋಣ, ಕೊಡಿ."

"ನೋಡೋ ಹಾಗಿಲ್ಲ!" ಎಂದು ವಿಶ್ವಾರಾಧ್ಯರು ಕೂಗಿದರು. ಅಷ್ಟು ಜೋರಾಗಿ ಕೂಗಿದ ಮೇಲೆ ನೋಡದೆ ಬಿಡುವವರು ಯಾರು? ಮನೋಹರನ ಹೆಂಡತಿ ಶಿವರಂಜಿನಿ ಅಡುಗೆಮನೆಯಿಂದ ಬರುವಾಗಲೇ ಲ್ಯಾಪ್‌ಟಾಪ್ ತಂದಳು.

ಈ ಸಲ ವಿಶ್ವಾರಾಧ್ಯರು ಎಚ್ಚರ ವಹಿಸಿದರು. ಯಾರಿಗೂ ನೋವಾಗದಂಥದ್ದು ಯಾವುದೆಂದು ಯೋಚಿಸಿ, ತಮ್ಮ ಕೈಯಾರೆ ಅಂಗಡಿಯ ಆಯುಧಪೂಜೆಯ ಫೋಟೊಗಳನ್ನು ತೆರೆದರು. ತೂಕದ ಯಂತ್ರಕ್ಕೆ ಕುಂಕುಮ. ಕಾಗದದ ಉರುಳೆಗಳಿಗೆ ಸೇವಂತಿಗೆ. ಕುಂಬಳಕಾಯಿ. ಕುಂಬಳಕಾಯಿಯ ಪಕ್ಕದಲ್ಲಿ ಸಾಸಿವೆ ಬಣ್ಣದ ರೇಷ್ಮೆ ಸೀರೆಯುಟ್ಟ ಹೆಂಗಸು.

"ಇವ್ರು ಯಾರಣ್ಣ?" ಎಂದಳು ಶಿವರಂಜಿನಿ.

"ನನ್ನ ತಂಗಿ. ನಿಂಗೆ ಗೊತ್ತಲ್ಲಮ್ಮ."

"ತಂಗಿ ಗೊತ್ತು. ಸೀರೆ ಯಾರ್ದು?"

"ಅವಳದೇ ಇರ್ಬೇಕು."

ಶಿವರಂಜಿನಿ ಫೋಟೊವನ್ನು ದೊಡ್ಡದು ಮಾಡಿದಳು. ತಂಗಿ ಪರದೆಯಿಂದ ಆಚೆ ಹೋಗಿ ಸೆರಗು ಮಾತ್ರ ಉಳಿಯಿತು.

"ತೇಜು ಮದುವೇಲಿ ಅತ್ತಿಗೆಗೆ ಅಂತ ನಾನೇ ಹೇಳಿ ನೇಯ್ಸಿದ್ದು ಇದು. ಸೆರಗಿಗೆ ನವಿಲು ಜಾಸ್ತಿ ಹಾಕ್ಸಿದ್ದೆ. ಉಡೋಕೆ ಮನಸ್ಸೇ ಬರಲ್ಲ ಕಣೇ, ಬೀರುವಿನಲ್ಲಿಟ್ಟು ದಿನಾ ನೋಡ್ತೀನಿ ಅಂದಿದ್ರು ಅತ್ತಿಗೆ."

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಒಂದಾದ ಮೇಲೊಂದು ಅಭಿಪ್ರಾಯ ಹೇಳತೊಡಗಿದವು. ಮನೋಹರ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ:

"ಭಾವ, ಊಟಕ್ಕಿರಿ ಅಂತ ಹೇಳೋ ಪರಿಸ್ಥಿತೀಲಿ ನಾನಿಲ್ಲ."

ಹಸಿದ ಹೊಟ್ಟೆಯಲ್ಲಿ ರಸ್ತೆಗೆ ಬಂದು ನಿಂತಾಗ ವಿಶ್ವಾರಾಧ್ಯರಿಗೆ ಹೊಳೆದದ್ದು ಸುಬ್ಬಮ್ಮ. ಹಿಂದೆ ಅವರ ಮನೆಯ ಹಿಂಭಾಗದಲ್ಲೇ ಬಾಡಿಗೆಗಿದ್ದು, ಈಗ ಮಾವಳ್ಳಿಯಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದ ಮುದುಕಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಟಿ.ವಿ. ಕೆಟ್ಟುಹೋಗಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಕೂತಿತ್ತು. ಫೋಟೊ ಇಡುವುದಕ್ಕೆ ಇಡೀ ಬೆಂಗಳೂರಿನಲ್ಲಿ ಇದಕ್ಕಿಂತ ಸುರಕ್ಷಿತವಾದ ಜಾಗ ಇನ್ನೆಲ್ಲಿದೆ?

"ಇದೊಂದು ಗಂಟು ನಿಮ್ಮ ಹತ್ರ ಇರಲಿ ಸುಬ್ಬಮ್ಮನೋರೆ. ಮಹಾನಂದಂಗೆ ಮಾತ್ರ ಹೇಳ್ಬೇಡಿ" ಎಂದರು. ನನ್ನ ತಮ್ಮನ ಮನೆ ಬಿಟ್ಟು ಅಲ್ಲೇಕೆ ಇಟ್ಟಿರೆಂದು ಹೆಂಡತಿ ಕೇಳಿದರೆ ಸೀರೆಯ ಕತೆ ಹೇಳಬೇಕಾಗುತ್ತದೆ, ಅದನ್ನು ಹೊತ್ತು ನೋಡಿ ಹೇಳೋಣವೆಂಬುದು ಅವರ ಯೋಚನೆ.

ಸುಬ್ಬಮ್ಮ ಚೀಲವನ್ನು ಕೈಯಲ್ಲಿ ತೂಗಿ ನೋಡಿದರು. ಒಳಗಿಟ್ಟು ಬಂದು ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ವಿಶ್ವಾರಾಧ್ಯರು ಉಂಡು, ಅಲ್ಲೇ ಚಾಪೆಯ ಮೇಲೆ ಸ್ವಲ್ಪ ಹೊತ್ತು ಒರಗಿ, ಲಾಲ್‌ಬಾಗಿನಲ್ಲಿ ಒಂದು ಸುತ್ತು ತಿರುಗಿ, ಬೆಂಕಿ, ಸಂಪು ಯಾವುದರ ಭಯವೂ ಇಲ್ಲದ ಮನುಷ್ಯರಾಗಿ ಸಂಜೆ ಮನೆ ಸೇರಿದರು.

ಮಹಾನಂದ ಹಾಲಿನಲ್ಲಿ ದೀಪ ಹಾಕದೆ ಕೂತಿದ್ದರು.

"ಸೀರೆ ವಿಷ್ಯ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದ್ರಾ?"

"ಶಿವರಂಜಿನಿ ಫೋನ್ ಮಾಡಿದ್ಲಾ?"

"ಮಾಡಿದ್ಲಾ ಅಂತ ಬೇರೆ ಕೇಳ್ತೀರಲ್ಲ!"

"ಹೋಗ್ಲಿ ಬಿಡೇ. ಆ ಫೋಟೊ ಒಂದನ್ನ ಅಳಿಸಿಬಿಡೋಣ. ಬೀರುವಿನಲ್ಲಿರೋ ಡಿಸ್ಕ್ ಕೊಡು."

"ಅದು ಮನೇಲಿಲ್ಲ."

ವಿಶ್ವಾರಾಧ್ಯರು ದೀಪ ಹಾಕಿದರು. ಹೆಂಡತಿಯ ಮುಖ ನೋಡಿ ಮತ್ತೆ ಆರಿಸಬೇಕೆನಿಸಿತು.

"ನೀವು ಆ ಕಡೆ ಹೋಗಿದ್ದೇ ತಡ, ಬೀದಿ ಹೆಂಗಸರೆಲ್ಲ ಒಬ್ಬೊಬ್ರೇ ಬಂದ್ರು ರೀ. ನಾಮಕರಣದ ಫೋಟೊ ನೋಡ್ಬೇಕಂತೆ. ಊಟದ ಫೋಟೊಗಳೇ ಬೇಕಂತೆ. ಮತ್ತೆ ಬರ್ತೀವಿ ಅಂತ ಬೇರೆ ಹೇಳಿ ಹೋದ್ರು. ನಾನೇನು ಮಾಡ್ಲಿ? ಆಟೊ ಮಾಡ್ಕೊಂಡು ಹೋಗಿ ಕಣ್ಣು ಕಾಣದೋರ ಹತ್ರ ಇಟ್ಟು ಬಂದೆ."

"ಯಾರ ಹತ್ರ?"

"ಮಾವಳ್ಳಿ ಸುಬ್ಬಮ್ಮ. ನಿಮಗೆ ಹೇಳ್ಕೂಡ್ದು ಅಂತ ಆಣೆ ಹಾಕ್ಸಿದೀನಿ. ಹೇಳಿದ್ರೆ ಅದನ್ನೂ ಎತ್ಕೊಂಡು ಮೆರವಣಿಗೆ ಹೊರಡ್ತೀರ."

ವಿಶ್ವಾರಾಧ್ಯರು ಸುಬ್ಬಮ್ಮನಿಗೆ ಫೋನು ಹಚ್ಚಿದರು.

"ಎಲ್ಡೂ ನನ್ ತಾವ ಇಲ್ಲ ಕಣಪ್ಪ" ಎಂದರು ಸುಬ್ಬಮ್ಮ. "ನೀನು ಬಂದೆ, ಹೆಂಡ್ತಿಗೆ ಹೇಳ್ಬ್ಯಾಡಿ ಅಂದೆ. ನೀನು ಅತ್ಲಾಗ್ ಹೋಗಿದ್ದೆ, ಅವ್ಳು ಬಂದ್ಲು. ಗಂಡಂಗೆ ಹೇಳ್ಬ್ಯಾಡಿ ಅಂದ್ಲು. ಎಲ್ಡು ಗಂಟೂ ಒಂದೇ ತೂಕ. ಮೊಮ್ಮಗ್ಳು ಹುಟ್ಟಿದ್ ಮ್ಯಾಲೆ ಈ ವಯಸ್ನಾಗೆ ನೀವಿಬ್ರೂ ಬ್ಯಾರೆ ಆಗೋದ ನೋಡ್ಕಂಡು ನಾನು ಸುಮ್ಕಿರಕ್ಕಾಯ್ತದಾ?"

"ಬೇರೆ ಆಗೋದಾ? ಯಾರಮ್ಮ ಬೇರೆ ಆಗೋದು?"

"ಅದ್ಕೇ ನ್ಯಾಯ ಗೊತ್ತಿರೋ ದೊಡ್ಡೋರ್ಗೆ ಪೋನ್ ಮಾಡ್ದೆ. ಪಾಪ, ತಕ್ಷಣ ಆಟೋದಾಗೆ ಬಂದ್ರು. ಎಲ್ಡೂ ತಗಂಡೋದ್ರು. ನಾನು ಸರಿ ಮಾಡ್ತೀನಿ, ಯೋಚ್ನೆ ಮಾಡ್ಬ್ಯಾಡ ಅಂದ್ರು ಗಂಗಾಧರಯ್ಯನೋರು."

ಗಂಗಾಧರಯ್ಯನವರ ಮನೆಯ ಮುಂದೆ ಸತ್ಯನಾರಾಯಣ ಪೂಜೆಗೆ ಸೇರಿದಷ್ಟು ಚಪ್ಪಲಿಗಳಿದ್ದವು. ಒಳಗೆ ಬೀದಿಗೆ ಬೀದಿಯೇ ಟಿ.ವಿ. ಮುಂದೆ ಕೂತಿತ್ತು. ಗಂಗಾಧರಯ್ಯನವರು ರಿಮೋಟ್ ಹಿಡಿದು ಆರಾಮ ಕುರ್ಚಿಯಲ್ಲಿದ್ದರು. ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಎದುರುಮನೆ ಶ್ರೀನಿವಾಸಯ್ಯ ಒಂದು ಪೆನ್ ಡ್ರೈವ್ ತೆಗೆದು ಇನ್ನೊಂದು ಹಾಕುತ್ತಿದ್ದರು.

"ಬನ್ನಿ ಆರಾಧ್ಯರೇ" ಎಂದರು ಗಂಗಾಧರಯ್ಯನವರು. "ಕೂತ್ಕೊಳ್ಳಿ. ವಿಚಾರಣೆ ನಡೀತಿದೆ."

"ಇದೇನು ಸ್ವಾಮಿ, ನಮ್ಮ ಫೋಟೊನ ಎಲ್ಲರಿಗೂ ಹಂಚ್ತಿದೀರ?"

"ದಾಖಲೆ ಹಾಜರಾದ ಮೇಲೆ ಎಲ್ಲ ಪಾರ್ಟಿಗೂ ಒಂದೊಂದು ಕಾಪಿ ಕೊಡ್ಬೇಕಾದ್ದು ಪದ್ಧತಿ. ಒರಿಜಿನಲ್ ಎರಡೂ ನನ್ನ ಹತ್ರ ಭದ್ರವಾಗಿದೆ. ನೀವೂ ನಿಮ್ಮ ಮನೆಯೋರೂ ರಾಜಿ ಆದ ದಿನ ವಾಪಸ್ಸು ಕೊಡ್ತೀನಿ."

"ನಾವು ಜಗಳವೇ ಆಡಿಲ್ಲವಲ್ರೀ! ಬೇಕಾದ್ರೆ ಅವಳನ್ನೇ ಕೇಳಿ."

ಮಹಾನಂದ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಅವರು ಹೊಸ್ತಿಲ ಮೇಲೆ ಕಾಲಿಡುವುದಕ್ಕೂ ಟಿ.ವಿ.ಯಲ್ಲಿ ಸಾಸಿವೆ ಬಣ್ಣದ ಸೀರೆ ಬರುವುದಕ್ಕೂ ಸರಿಹೋಯಿತು. "ಇದೇ ಸೀರೆ, ಇದೇ ಸೀರೆ" ಎಂದು ನಾಲ್ಕಾರು ದನಿಗಳು ಒಟ್ಟಿಗೆ ಹೇಳಿದವು. ಮಹಾನಂದ ಸೀರೆಯನ್ನು ನೋಡಿದರು. ಗಂಡನನ್ನು ನೋಡಿದರು.

"ಇನ್ಮೇಲೆ ನನ್ನ ಮಾತಾಡಿಸಬೇಡಿ ನೀವು" ಎಂದು ಅಲ್ಲಿಂದಲೇ ತಿರುಗಿ ಹೊರಟುಹೋದರು.

ಗಂಗಾಧರಯ್ಯನವರು ಎರಡೂ ಡಿಸ್ಕುಗಳನ್ನು ಮಖಮಲ್ಲಿನ ಚೀಲಕ್ಕೆ ಹಾಕಿ, ಗಾಡ್ರೇಜ್ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರದಂತೆ ಹಾಕಿಕೊಂಡಿದ್ದ ದಾರಕ್ಕೆ ಸಿಕ್ಕಿಸಿದರು.

"ತಾಳ್ಮೆ ಇರ್ಲಿ" ಎಂದರು. "ಇಂಥ ಕೇಸು ಸ್ವಲ್ಪ ನಿಧಾನ."

ವಿಶ್ವಾರಾಧ್ಯರು ಚಪ್ಪಲಿಗಳ ರಾಶಿಯಲ್ಲಿ ತಮ್ಮದನ್ನು ಹುಡುಕಿ ಮೆಟ್ಟಿಕೊಂಡು ಬೀದಿಗಿಳಿದರು. ಹಿಂದೆಯೇ ಯಾರೋ ಓಡಿಬಂದ ಸದ್ದಾಯಿತು. ಶ್ರೀನಿವಾಸಯ್ಯ. ಭುಜದ ಮೇಲೆ ಕೈಯಿಟ್ಟು, ಆಚೀಚೆ ನೋಡಿ, ಮೆತ್ತಗೆ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಆರಾಧ್ಯರೇ. ಮನೇಲಿ ಖಾಲಿ ಪೆನ್ ಡ್ರೈವ್ ಇದ್ರೆ ತಂದ್ಕೊಡಿ. ನನ್ನ ಹತ್ರ ಇರೋದ್ರಲ್ಲಿ ನಿಮಗೂ ಒಂದು ಕಾಪಿ ಹಾಕ್ಕೊಡ್ತೀನಿ."